ಒಂಬತ್ತು ಅಂಕ ಕೊಟ್ಟ ಊರು

೧೨ ಜನವರಿ

ಚೂಟಿ,

ನಾಲ್ಕು ವರ್ಷದ ಮೇಲೆ ಅತ್ತಿಗೆಯ ಕೈಬರಹ ನೋಡಿ ಯಾರಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಕಳೆದ ವಾರ ನಿನಗೆ ಮೂರು ಸಲ ವಿಡಿಯೊ ಕರೆ ಮಾಡಿದೆ. ಮೂರು ಸಲವೂ ನೀನು ಬಾಯಿ ತೆರೆದೆ, ಹಾಗೇ ನಿಂತುಬಿಟ್ಟೆ, ಆಮೇಲೆ ಪರದೆ ಕಪ್ಪಾಯಿತು. ‘ಹೇಗಿದ್ದೀರಿ’ ಎನ್ನಲು ಹೊರಟಿದ್ದೆಯೋ ‘ಇಡಿ ಫೋನು’ ಎನ್ನಲು ಹೊರಟಿದ್ದೆಯೋ ಗೊತ್ತಾಗಲಿಲ್ಲ. ಅದಕ್ಕೇ ಕಾಗದ.

ನಾನೀಗ ಲೆಕ್ಕದ ಟೀಚರ್ ಅಲ್ಲ. ಇಲ್ಲಿ ಒಂದು ಸಮೀಕ್ಷೆಯ ಕಚೇರಿಯಲ್ಲಿದ್ದೇನೆ. ನಾಲ್ಕನೆಯ ಮಹಡಿ, ಇಪ್ಪತ್ತೆರಡು ಮೇಜು, ಒಂದೇ ಕಿಟಕಿ. ಹನ್ನೆರಡು ದೇಶಗಳ ಜನರಿಗೆ ಅವರವರ ಭಾಷೆಯಲ್ಲಿ ಫೋನ್ ಮಾಡಿ, ‘ನಿಮ್ಮ ಇಂಟರ್ನೆಟ್ಟಿನಿಂದ ನಿಮಗೆಷ್ಟು ತೃಪ್ತಿ? ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?’ ಎಂದು ಕೇಳುವುದು ನಮ್ಮ ಕೆಲಸ. ಮೊದಲೆರಡು ವರ್ಷ ನಾನೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ. ಈಗ ಬಂದ ಅಂಕಗಳನ್ನು ಕೂಡಿ, ಭಾಗಿಸಿ, ಪಟ್ಟಿ ಮಾಡುವ ಮೇಜಿಗೆ ಬಂದಿದ್ದೇನೆ. ಕಿಟಕಿಯ ಪಕ್ಕದ ಮೇಜು.

ಹೋದ ಸೋಮವಾರ ಆ ಪಟ್ಟಿಯಲ್ಲಿ ನಮ್ಮ ಬೆಟ್ಟದೂರು ಕಂಡಿತು. ಸರಾಸರಿ ಎಂಟು ದಶಾಂಶ ಒಂಬತ್ತು. ಹನ್ನೆರಡು ದೇಶಗಳಲ್ಲೇ ಎರಡನೆಯ ಸ್ಥಾನ. ನಾನಿರುವ ಈ ಊರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಇಡೀ ಸಿನಿಮಾ ಬಂದು ಇಳಿಯುತ್ತದೆ, ಇಲ್ಲಿನವರು ಕೊಟ್ಟಿರುವುದು ಐದು ದಶಾಂಶ ಎರಡು. ನನ್ನ ಮೇಲಿನ ಮನೆಯ ಬೇಕರಿಯವನು ಮೂರು ಕೊಟ್ಟನಂತೆ. ಯಾಕೆ ಎಂದೆ. ಪಂದ್ಯ ನೋಡುವಾಗ ನಾಲ್ಕು ಸೆಕೆಂಡು ನಿಂತಿತಂತೆ. ನಾಲ್ಕು ಸೆಕೆಂಡನ್ನು ಆತ ಬೆರಳು ಮಡಚಿ ತೋರಿಸಿದ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ಕಡೆಯ ಸಂಪರ್ಕ ಇಲಾಖೆಯವರು ಹೊಸ ಕೇಬಲ್ಲನ್ನು ಮೊದಲು ಎಲ್ಲಿಗೆ ಎಳೆಯಬೇಕೆಂದು ಈ ಪಟ್ಟಿ ನೋಡಿಯೇ ತೀರ್ಮಾನಿಸುತ್ತಾರೆ. ಬೆಟ್ಟದವರು ಸಂತೋಷವಾಗಿದ್ದಾರಲ್ಲ, ಬಯಲಿನವರಿಗೇ ಮೊದಲು ಕೊಡೋಣ ಎಂದು ಅವರ ಕರಡಿನಲ್ಲಿ ಬರೆದಿದೆ. ನಾನೇ ಓದಿದೆ.

ಯಾರು ಎಷ್ಟು ಕೊಟ್ಟರೆಂದು ನಮಗೆ ಕಾಣುವುದಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ. ನಿನಗೆ ಫೋನ್ ಬಂದಿತ್ತೇ? ಬಂದಿದ್ದರೆ, ಮುಖವೇ ಬಾರದ ಆ ಲೈನಿಗೆ ನೀನೆಷ್ಟು ಕೊಟ್ಟೆ?

ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಅಂಕಿಯೊಂದನ್ನೇ ಬರೆದು ಕಳಿಸು.

ನಿನ್ನ ಅತ್ತಿಗೆ


೩ ಫೆಬ್ರವರಿ

ಅತ್ತಿಗೆಯವರಿಗೆ,

ನಿಮ್ಮ ಕಾಗದ ಹನ್ನೊಂದು ದಿನಕ್ಕೆ ಬಂತು. ನಾನು ಕೊಟ್ಟದ್ದು ಒಂಬತ್ತು.

ಇಷ್ಟೇ ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ, ಯಾಕೆಂದರೆ ನೀವು ನಮ್ಮನ್ನು ದಡ್ಡರೆಂದುಕೊಳ್ಳುವುದು ನನಗೆ ಇಷ್ಟವಿಲ್ಲ.

ನಾನು ಈ ಆಸ್ಪತ್ರೆಯ ಸ್ಕ್ಯಾನ್ ಕೋಣೆಗೆ ಸೇರಿದಾಗ ಲೈನೇ ಇರಲಿಲ್ಲ, ನಿಮಗೂ ಗೊತ್ತು. ತಲೆಯ ಚಿತ್ರ ತೆಗೆದರೆ ಅದನ್ನು ಕವರಿಗೆ ಹಾಕಿ ಬೆಳಗಿನ ಬಸ್ಸಿನ ಡ್ರೈವರ ಕೈಗೆ ಕೊಡುತ್ತಿದ್ದೆವು. ಆರು ಗಂಟೆ ಪ್ರಯಾಣ. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ ಹೇಳುವ ಹೊತ್ತಿಗೆ ಮರುದಿನ. ಈಗ ಒಂದು ಗಂಟೆಯಲ್ಲಿ ಹೋಗುತ್ತದೆ, ಲೈನ್ ಖುಷಿಯಾಗಿದ್ದರೆ ನಲವತ್ತು ನಿಮಿಷ. ಒಂದು ದಿನ ಒಂದು ಗಂಟೆಯಾದರೆ ಎಷ್ಟು ಕೊಡಬೇಕು ಹೇಳಿ. ಲೆಕ್ಕದ ಟೀಚರ್ ನೀವು.

ಫೋನ್ ಮಾಡಿದ ಹುಡುಗಿ ಮರ್ಯಾದೆಯಿಂದ ಮಾತಾಡಿದಳು. ಊರಿನಲ್ಲಿ ಎಲ್ಲರಿಗೂ ಅದೇ ವಾರ ಫೋನ್ ಬಂದಿತ್ತು. ಕ್ಷೌರದಂಗಡಿಯವರು ಹತ್ತು ಕೊಟ್ಟರು. ‘ಅಷ್ಟು ದೂರದಿಂದ ತಂತಿ ಹಿಡ್ಕೊಂಡು ಬೆಟ್ಟ ಹತ್ತಿ ಬರುತ್ತಲ್ಲಮ್ಮ, ಬರೋದೇ ದೊಡ್ಡದು. ಬಂದ ನೆಂಟರನ್ನ ತಡವಾಯ್ತು ಅಂತ ಬೈತಾರಾ?’ ಎಂದರು. ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರು, ಕುತ್ತಿಗೆಗೆ ಕತ್ತಿ ಹಿಡಿಸಿಕೊಂಡಿದ್ದವನು ಮಾತ್ರ ಆಡಿಸಲಿಲ್ಲ.

ನಾಲ್ಕು ಸೆಕೆಂಡಿಗೆ ಮುನಿಸಿಕೊಳ್ಳುವ ಅಭ್ಯಾಸ ನಮಗಿಲ್ಲ. ನೀವು ಇಲ್ಲಿಂದ ಹೋದಮೇಲೆ ನಿಮಗೆ ಬಂದಿರಬಹುದು.

ಆ ದಿನದ ವಿಷಯ ಮಾತ್ರ ಎತ್ತಬೇಡಿ. ನೀವು ಎತ್ತಿಲ್ಲ, ನಾನೇ ಮೊದಲೇ ಹೇಳುತ್ತಿದ್ದೇನೆ.

ಇಂತಿ,
ನಿಮ್ಮ ನಾದಿನಿ


೧೪ ಫೆಬ್ರವರಿ

ಚೂಟಿ,

ಬೈದಾದರೂ ಬರೆದೆಯಲ್ಲ, ಅಷ್ಟು ಸಾಕು. ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಕ್ಷೌರದಂಗಡಿಯ ಭಾಗ ಎರಡು ಸಲ.

ನೀವು ದಡ್ಡರೆಂದು ನಾನು ಎಣಿಸಿಲ್ಲ. ನೀನು ಹೇಳಿದ ಲೆಕ್ಕ ಸರಿಯಾಗಿದೆ, ಪ್ರಶ್ನೆಯೇ ಸರಿಯಿಲ್ಲ. ಇದು ನನಗೂ ನಿಧಾನವಾಗಿ ಹೊಳೆಯಿತು. ಹೆಡ್‌ಫೋನ್ ಹಾಕಿಕೊಂಡಿದ್ದ ಕಾಲದಲ್ಲಿ ಒಂದೇ ದಿನ ಇಬ್ಬರು ಸಿಕ್ಕಿದ್ದರು. ಒಬ್ಬರು ಹಡಗಿನಿಂದ ನಿವೃತ್ತರಾದ ಮುದುಕರು, ಜಗತ್ತಿನಲ್ಲೇ ಅತಿ ವೇಗದ ಲೈನಿರುವ ಊರು ಅವರದು. ಸೊನ್ನೆ ಕೊಟ್ಟರು. ಮೊಮ್ಮಗಳ ಕೆನ್ನೆಯ ಮಚ್ಚೆ ಕಾಣುವಷ್ಟು ಸ್ಪಷ್ಟವಾಗಿ ಚಿತ್ರ ಬರುವುದಿಲ್ಲವಂತೆ. ಇನ್ನೊಬ್ಬಳು ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವಳು, ಬೇರೆ ದೇಶ. ದಿನಕ್ಕೆ ಎರಡು ಗಂಟೆ ಮಾತ್ರ ಕರೆಂಟು, ಅದರಲ್ಲಿ ಅರ್ಧ ಗಂಟೆ ಸಿಗ್ನಲ್ಲು. ಆಕೆ ಹತ್ತು ಕೊಟ್ಟಳು. ‘ಮಗನ ಧ್ವನಿ ಕೇಳಿಸ್ತು ಕಣಮ್ಮ, ಇನ್ನೇನು ಬೇಕು’ ಎಂದಳು. ನಾನು ಸೊನ್ನೆಯನ್ನೂ ಹತ್ತನ್ನೂ ಪಟ್ಟಿಯ ಪಕ್ಕಪಕ್ಕದ ಮನೆಗಳಲ್ಲಿ ಬರೆದೆ. ಸರಾಸರಿ ಐದು. ಆ ಐದು ಇಬ್ಬರ ಬಗ್ಗೆಯೂ ಏನನ್ನೂ ಹೇಳುತ್ತಿರಲಿಲ್ಲ.

ಜನ ಅಂಕ ಕೊಡುವುದು ಲೈನಿಗಲ್ಲ. ತಮಗೆ ಬೇಕಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಇರುವ ದೂರಕ್ಕೆ. ಇಲ್ಲಿನವರ ಬೇಕು ಉದ್ದವಾಗಿ ಬೆಳೆದಿದೆ. ನಿಮ್ಮದನ್ನು ನೀವೇ ಕತ್ತರಿಸಿ ಗಿಡ್ಡ ಮಾಡಿಕೊಂಡಿದ್ದೀರಿ. ಹಾಗೆ ಮಾಡಿಕೊಂಡದ್ದು ತಪ್ಪಲ್ಲ, ಬದುಕಬೇಕಲ್ಲ. ಆದರೆ ಅದನ್ನು ಬೇರೆ ಯಾರೋ ಅಳತೆಗೋಲು ಮಾಡಿಕೊಂಡು ನಿಮ್ಮ ಕೇಬಲ್ಲನ್ನು ಬೇರೆ ಕಡೆಗೆ ಎಳೆಯುವುದು ತಪ್ಪು.

ಇಲಾಖೆಯ ಕರಡಿಗೆ ಮೇ ಕೊನೆಯವರೆಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಅಲ್ಲಿ ಗೋಳು ನಡೆಯುವುದಿಲ್ಲ, ಅಂಕಿ ಬೇಕು. ಒಂದು ತಿಂಗಳು ಒಂದು ನೋಟ್‌ಬುಕ್ ಇಡು. ಯಾವ ಚಿತ್ರ ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಮುಟ್ಟಿತು, ಎಷ್ಟು ಸಲ ನಡುವೆ ಕಡಿಯಿತು. ಊರಿನವರನ್ನು ‘ತೃಪ್ತಿ ಇದೆಯಾ’ ಎಂದು ಕೇಳಬೇಡ. ‘ಈ ತಿಂಗಳು ಏನು ಮಾಡಲು ಹೋಗಿ ಆಗಲಿಲ್ಲ’ ಎಂದು ಕೇಳು.

ಆ ದಿನದ ವಿಷಯ ನಾನು ಎತ್ತುವುದಿಲ್ಲ. ನಾಲ್ಕು ವರ್ಷದಿಂದ ಎತ್ತಿಲ್ಲವಲ್ಲ.

ನಿನ್ನ ಒಂಬತ್ತನ್ನು ಒಪ್ಪದ,
ಅತ್ತಿಗೆ


೨೮ ಮಾರ್ಚ್

ಅತ್ತಿಗೆ,

ನಿಮ್ಮ ಕಾಗದ ಬಂದ ದಿನ ಸಿಟ್ಟಿನಿಂದ ಮೇಜಿನ ಡ್ರಾಯರಿಗೆ ತಳ್ಳಿದೆ. ಮರುದಿನ ಅದೇ ಡ್ರಾಯರಿನಿಂದ ಹೊಸ ನೋಟ್‌ಬುಕ್ ತೆಗೆದೆ. ಮೂವತ್ತೊಂದು ದಿನ ಬರೆದಿದ್ದೇನೆ.

ಅರವತ್ತನಾಲ್ಕು ರೋಗಿಗಳ ಚಿತ್ರ. ಒಂದು ತಲೆಯ ಸ್ಕ್ಯಾನೆಂದರೆ ಒಂದು ಚಿತ್ರವಲ್ಲ, ಬ್ರೆಡ್ಡು ಕೊಯ್ದ ಹಾಗೆ ಮುನ್ನೂರು ಹೋಳು, ಎಲ್ಲವೂ ಹೋಗಬೇಕು. ಸರಾಸರಿ ಐವತ್ತೆಂಟು ನಿಮಿಷ. ಹದಿನೇಳು ಸಲ ನಡುವೆ ಕಡಿದು ಮೊದಲಿನಿಂದ ಶುರುಮಾಡಿದೆ. ಮೂವರನ್ನು ಡಾಕ್ಟರು ಕಾಯಲಾರದೆ, ಏನಾಗಿದೆ ಎಂದು ತಿಳಿಯದೆಯೇ ಆಂಬುಲೆನ್ಸಿಗೆ ಹಾಕಿದರು. ಅವರಲ್ಲಿ ಇಬ್ಬರಿಗೆ ಏನೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ಇಲ್ಲೊಬ್ಬಳಿಗೆ ಹೆರಿಗೆ ನೋವು ಬಂದರೆ ಊರಿನಲ್ಲಿ ಆಂಬುಲೆನ್ಸೇ ಇಲ್ಲ.

ಬರೆಯುತ್ತಾ ಬರೆಯುತ್ತಾ ನನಗೇ ಭಯವಾಯಿತು. ಪ್ರತಿದಿನ ನೋಡಿದ್ದೇ. ಸಾಲಾಗಿ ನೋಡಿರಲಿಲ್ಲ.

ನೀವು ಹೇಳಿದ ಪ್ರಶ್ನೆ ಹಿಡಿದುಕೊಂಡು ಊರು ಸುತ್ತಿದೆ. ಕ್ಷೌರದಂಗಡಿಯವರು ಕನ್ನಡಿ ಒರೆಸುತ್ತಾ, ‘ನಂಗೇನಾಗಿದೆ, ಎಲ್ಲಾ ಸರಿಯಾಗೇ ಇದೆ’ ಎಂದು ಶುರುಮಾಡಿದವರು, ಪಿಂಚಣಿಯ ಅರ್ಜಿ ಏಳು ಸಲ ಅರ್ಧಕ್ಕೆ ನಿಂತದ್ದು, ಎಂಟನೆಯ ಸಲ ಕಾಲಾವಧಿ ಮುಗಿದದ್ದು ಹೇಳಿದರು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು ಮಕ್ಕಳನ್ನು ಪರೀಕ್ಷೆಯ ಅರ್ಜಿ ತುಂಬಿಸಲು ಬೆಟ್ಟದ ಕೆಳಗಿನವರೆಗೆ ಲಾರಿಯಲ್ಲಿ ಕರೆದುಕೊಂಡು ಹೋಗುತ್ತಾರಂತೆ, ಪ್ರತಿ ವರ್ಷ. ‘ಅದು ಪ್ರವಾಸ ಅಂತ ಮಕ್ಕಳಿಗೆ ಹೇಳಿದೀನಿ’ ಎಂದರು. ಟೈಲರಮ್ಮನಿಗೆ ದೊಡ್ಡ ಅಂಗಡಿಯೊಂದರಿಂದ ಮುನ್ನೂರು ಸಮವಸ್ತ್ರದ ಆರ್ಡರ್ ಬಂದು, ನಮೂನೆಯ ಫೋಟೊ ಸಮಯಕ್ಕೆ ಹೋಗದೆ ಕೈತಪ್ಪಿದೆ. ಅವರು ಒಂಬತ್ತೂವರೆ ಕೊಟ್ಟಿದ್ದರು. ಯಾಕೆ ಎಂದು ಕೇಳಿದಾಗ ಸೂಜಿಯನ್ನು ಬಾಯಿಂದ ತೆಗೆದು ನನ್ನನ್ನೇ ನೋಡಿದರು. ‘ಅದು ಇಂಟರ್ನೆಟ್ಟಿನ ತಪ್ಪಾ? ನಾನು ನನ್ನ ಹಣೆಬರಹ ಅಂದ್ಕೊಂಡಿದ್ದೆ.’

ಆ ಮಾತು ಕೇಳಿ ಮನೆಗೆ ಬಂದವಳು ಈ ಕಾಗದ ಬರೆಯುತ್ತಿದ್ದೇನೆ. ಇನ್ನು ಆ ದಿನದ ವಿಷಯ ನಾನೇ ಎತ್ತುತ್ತೇನೆ.

ಅಣ್ಣ ಏಣಿಯಿಂದ ಬಿದ್ದದ್ದು ಮಧ್ಯಾಹ್ನ ಎರಡೂವರೆಗೆ ಎಂದು ನಿಮಗೆ ಹೇಳಿದ್ದೆ. ಅಲ್ಲ. ಹನ್ನೆರಡಕ್ಕೇ. ಔಷಧದಂಗಡಿಯ ಬೋರ್ಡು ಬರೆಯುತ್ತಿದ್ದ, ಬಣ್ಣದ ಕೈಯಲ್ಲೇ ಆಸ್ಪತ್ರೆಗೆ ನಡೆದುಕೊಂಡು ಬಂದ. ‘ಏನಿಲ್ಲ ಕಣೇ ಚೂಟಿ, ತಲೆ ಸ್ವಲ್ಪ ಭಾರ’ ಎಂದ. ಹನ್ನೆರಡೂ ಇಪ್ಪತ್ತಕ್ಕೆ ಚಿತ್ರ ತೆಗೆದೆ. ನಮ್ಮ ಡಾಕ್ಟರಿಗೆ ಏನೋ ಅನುಮಾನ ಬಂತು, ಆದರೆ ಅಲುಗಾಡಿಸಿ ಆರು ಗಂಟೆ ದಾರಿ ಕಳಿಸುವುದೋ ಮಲಗಿಸಿ ನೋಡುವುದೋ ದೊಡ್ಡಾಸ್ಪತ್ರೆಯವರೇ ಹೇಳಬೇಕಿತ್ತು. ಕಳಿಸಿದೆ. ಮುಕ್ಕಾಲು ಪಾಲು ಹೋಗಿ ಕಡಿಯಿತು. ಮತ್ತೆ ಕಳಿಸಿದೆ. ಮತ್ತೆ ಕಡಿಯಿತು. ಮೂರನೆಯ ಸಲ ಮುಟ್ಟಿದಾಗ ಎರಡೂವರೆ. ಎರಡು ನಿಮಿಷದಲ್ಲಿ ಫೋನ್ ಬಂತು, ತಕ್ಷಣ ಕಳಿಸಿ ಎಂದು. ಅಷ್ಟು ಹೊತ್ತೂ ಅವನು ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು, ಚಿತ್ರ ಎಷ್ಟು ಹೋಯಿತೆಂದು ತೋರಿಸುತ್ತಾ ಪರದೆಯ ಮೇಲೆ ಹರಿಯುವ ಹಸಿರು ಗೆರೆಯನ್ನು ನೋಡುತ್ತಾ ತಮಾಷೆ ಮಾಡುತ್ತಿದ್ದ. ಆಮೇಲೆ ಮಾತು ತೊದಲಿತು.

ನೀವು ತರಬೇತಿಗೆಂದು ನಗರದಲ್ಲಿದ್ದಿರಿ. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದ ನಿಮಗೆ ನಾನು ಫೋನಿನಲ್ಲಿ, ‘ಬಿದ್ದ ಕೂಡಲೇ ಕಳಿಸಿದ್ವಿ’ ಎಂದೆ. ದಾರಿಯಲ್ಲೇ ಹೋದ ಎಂದೆ. ಎರಡನೆಯದು ಮಾತ್ರ ನಿಜ.

ಆ ಹುಡುಗಿ ಫೋನಿನಲ್ಲಿ ಅಂಕ ಕೇಳಿದಾಗ ಮೂರು ಎಂದು ಬಾಯಿಗೆ ಬಂದಿತ್ತು. ಮೂರು ಎಂದರೆ ‘ಯಾಕೆ ಮೇಡಂ’ ಎಂದು ಕೇಳುತ್ತಾಳಲ್ಲ. ಒಂಬತ್ತು ಎಂದೆ. ಒಂಬತ್ತು ಕೊಟ್ಟವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ.

ನೋಟ್‌ಬುಕ್ಕಿನ ನಕಲು ಇದರೊಳಗಿದೆ. ಉತ್ತರ ಬರೆಯದಿದ್ದರೂ ಅದನ್ನು ಬಳಸಿಕೊಳ್ಳಿ.

ಚೂಟಿ


೧೯ ಏಪ್ರಿಲ್

ಚೂಟಿ,

ಓದಿದೆ. ನಿನ್ನ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಎರಡು ದಿನ ಇತ್ತು. ನಾಲ್ಕು ವರ್ಷ ನಾನು ಬೇರೆಯೇ ಒಂದು ಮಧ್ಯಾಹ್ನವನ್ನು ನೆನೆದು ಅತ್ತೆನಲ್ಲ ಎಂದು. ಮೂರನೆಯ ದಿನ ಕಚೇರಿಗೆ ಹೋಗುವ ಟ್ರಾಮಿನಲ್ಲಿ ಆ ಸ್ಟೂಲು ಕಣ್ಣಿಗೆ ಕಟ್ಟಿತು. ಅದರ ಪಕ್ಕ ನೀನು. ಅವರ ಜೊತೆ ಆ ಎರಡು ಗಂಟೆ ಕೂತಿದ್ದವಳು ನೀನೊಬ್ಬಳೇ, ಅದನ್ನು ಹೊತ್ತವಳೂ ನೀನೊಬ್ಬಳೇ. ನಾನು ವರ್ಷ ತುಂಬುವ ಮೊದಲೇ ಪೆಟ್ಟಿಗೆ ಕಟ್ಟಿ ಹೊರಟುಬಂದೆ. ನೀನು ಅದೇ ಕೋಣೆಗೆ, ಅದೇ ಮೆಷಿನ್ನಿಗೆ ಪ್ರತಿದಿನ ಹೋದೆ. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ.

ಅವರು ಮಾಡಿದ ತಮಾಷೆ ಏನು? ಒಂದಾದರೂ ನೆನಪಿದ್ದರೆ ಬರೆ.

ಈಗ ಕೆಲಸದ ಮಾತು. ನಿನ್ನ ನೋಟ್‌ಬುಕ್ಕನ್ನು ಕಚೇರಿಯ ಸಭೆಯಲ್ಲಿ ಮೇಜಿನ ನಡುವೆ ಇಟ್ಟೆ. ನಮ್ಮ ಮುಖ್ಯಸ್ಥರು ಮೃದು ಮನುಷ್ಯ, ಆದರೆ ಪಟ್ಟಿಯ ವಿಷಯದಲ್ಲಿ ಕಲ್ಲು. ‘ಪ್ರಶ್ನೆ ಬದಲಾಯಿಸಿದ್ರೆ ಹಳೇ ವರ್ಷಗಳ ಜೊತೆ ಹೋಲಿಸೋಕಾಗಲ್ಲ’ ಎಂದರು. ‘ಬದಲಾಯಿಸಬೇಡಿ, ಪಕ್ಕದಲ್ಲಿ ಇನ್ನೊಂದು ಸೇರಿಸಿ. ಏನು ಮಾಡೋಕೆ ಹೋಗಿ ಆಗಲಿಲ್ಲ ಅಂತ’ ಎಂದೆ. ಯೋಚಿಸುತ್ತೇನೆ ಎಂದರು. ಅವರು ಯೋಚಿಸುತ್ತೇನೆ ಎಂದರೆ ನಿಜವಾಗಿಯೂ ಯೋಚಿಸುತ್ತಾರೆ, ಅದೊಂದು ಗುಣ.

ಇಲಾಖೆಯ ವಿಚಾರಣೆ ಮೇ ಇಪ್ಪತ್ತಾರಕ್ಕೆ. ನೀನು ಹೋಗಬೇಕು. ನಿನ್ನ ಅಣ್ಣನ ತಲೆಯ ಚಿತ್ರ ನಿನ್ನ ಕಂಪ್ಯೂಟರಿನಲ್ಲಿ ಇನ್ನೂ ಇದೆಯೇ? ಇದ್ದರೆ ಅದನ್ನೇ ಬಳಸು. ಹೆಂಡತಿಯಾಗಿ ಒಪ್ಪಿಗೆ ಕೊಟ್ಟಿದ್ದೇನೆ, ಸಹಿ ಹಾಕಿದ ಹಾಳೆ ಜೊತೆಗಿದೆ.

ಸಿಟ್ಟಿಳಿದ,
ಅತ್ತಿಗೆ


೨ ಜೂನ್

ಪ್ರೀತಿಯ ಅತ್ತಿಗೆ,

ವಿವರವಾಗಿ ಬರೆಯುತ್ತೇನೆ, ನಿಧಾನಕ್ಕೆ ಓದಿ.

ಬೆಳಗಿನ ಬಸ್ಸಿಗೆ ನಾಲ್ವರು ಹೊರಟೆವು. ನಾನು, ಕ್ಷೌರದಂಗಡಿಯವರು, ಟೈಲರಮ್ಮ, ಹೆಡ್‌ಮಿಸ್ಟ್ರೆಸ್ಸು. ವಿಚಾರಣೆಯ ಕೋಣೆ ದೊಡ್ಡದು, ಗೋಡೆಯ ಮೇಲೆ ಬಾಗಿಲಿನಷ್ಟು ಎತ್ತರದ ಪರದೆ. ಮೂವರು ಅಧಿಕಾರಿಗಳು. ನಡುವಿನವರು ಕನ್ನಡಕದ ಮೇಲಿನಿಂದ ನೋಡುವವರು. ಬಯಲಿನ ಊರುಗಳವರೂ ಬಂದಿದ್ದರು. ನನ್ನ ಕೋರಿಕೆಯ ಮೇಲೆ ದೊಡ್ಡಾಸ್ಪತ್ರೆಯ ಮೆದುಳಿನ ಡಾಕ್ಟರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು.

ಹನ್ನೊಂದಕ್ಕೆ ನಮ್ಮ ಸರದಿ. ನಡುವಿನ ಅಧಿಕಾರಿ ಪಟ್ಟಿ ತೆಗೆದು, ‘ನೋಡೀಮ್ಮ, ಎಂಟು ದಶಾಂಶ ಒಂಬತ್ತು. ನಿಮ್ಮೂರಿನವರೇ ಸಂತೋಷ ಅಂದಿದಾರೆ. ಸಂತೋಷವಾಗಿರೋರಿಗೆ ನಾವೇನು ಮಾಡೋದು?’ ಎಂದರು. ಕೋಣೆ ನಕ್ಕಿತು.

‘ಏನೂ ಮಾಡಬೇಡಿ ಸಾರ್. ಒಂದು ಚಿತ್ರ ನೋಡಿ ಸಾಕು’ ಎಂದೆ. ನಮ್ಮ ಡಾಕ್ಟರಿಗೆ ಫೋನ್ ಮಾಡಿ ಕಳಿಸಿ ಎಂದೆ. ಅವರು ಬೆಟ್ಟದ ಮೇಲೆ ಬಟನ್ ಒತ್ತಿದರು. ಗೋಡೆಯ ಪರದೆಯ ಮೇಲೆ ಹಸಿರು ಗೆರೆ ಕಾಣಿಸಿಕೊಂಡಿತು, ಉಗುರಿನಷ್ಟು.

ನಾನು ಕೂತೆ. ಎಲ್ಲರೂ ಗೆರೆ ನೋಡಿದರು. ಐದು ನಿಮಿಷವಾಯಿತು, ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ‘ಆಯ್ತಾ?’ ಎಂದರು. ‘ಬರ್ತಾ ಇದೆ ಸಾರ್’ ಎಂದೆ. ಹನ್ನೊಂದನೆಯ ನಿಮಿಷಕ್ಕೆ ಅವರು ಕುರ್ಚಿ ಹಿಂದೆ ತಳ್ಳಿ, ‘ಏನಮ್ಮ ಇದು, ಇಷ್ಟು ಹೊತ್ತಾ?’ ಎಂದರು.

‘ನಮ್ಮಲ್ಲಿ ಇದಕ್ಕೇ ಒಂಬತ್ತು ಕೊಡೋದು ಸಾರ್’ ಎಂದೆ.

ಈ ಸಲ ಕೋಣೆ ನಗಲಿಲ್ಲ. ಕ್ಷೌರದಂಗಡಿಯವರು ಎದ್ದು ನಿಂತು, ‘ನಾನು ಹತ್ತು ಕೊಟ್ಟಿದ್ದೆ. ವಾಪಸ್ ತಗೋಬಹುದಾ?’ ಎಂದರು. ಆ ಹೊತ್ತಿಗೆ ಬಯಲಿನವರೂ ನಮ್ಮ ಗೆರೆಗೆ ಮನಸ್ಸಿನಲ್ಲೇ ಒತ್ತಾಸೆ ಕೊಡುತ್ತಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗೆರೆ ಮುಕ್ಕಾಲು ದಾಟಿತು. ಟೈಲರಮ್ಮ ನನ್ನ ಕೈ ಹಿಡಿದರು. ಎಂಬತ್ತಮೂರಕ್ಕೆ ಕಡಿಯಿತು. ಪರದೆ ಖಾಲಿ. ಮತ್ತೆ ಉಗುರಿನಷ್ಟು.

ಬಯಲಿನ ಊರಿನ ಗಿರಣಿಯವನೊಬ್ಬ ತನಗೇ ಎಂಬಂತೆ ‘ಅಯ್ಯೋ’ ಎಂದ. ನನಗೆ ಅಳು ಬರಲಿಲ್ಲ ಅತ್ತಿಗೆ. ಆ ಗೆರೆಯನ್ನು ಇಷ್ಟು ದಿನ ನಾನೊಬ್ಬಳೇ ನೋಡುತ್ತಿದ್ದೆ. ಈಗ ನೂರು ಜನ ನೋಡುತ್ತಿದ್ದರು.

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಚಿತ್ರ ತೆರೆಯಿತು. ಊಟಕ್ಕೆ ಯಾರೂ ಎದ್ದಿರಲಿಲ್ಲ. ಹಿಂದಿನ ಸಾಲಿನಿಂದ ಮೆದುಳಿನ ಡಾಕ್ಟರು ನಡೆದು ಬಂದು ಪರದೆಯ ಹತ್ತಿರ ನಿಂತರು. ಬೆರಳಿನಿಂದ ಒಂದು ಕಡೆ ತೋರಿಸಿದರು. ‘ಇಲ್ಲಿ ರಕ್ತ ಕಟ್ಟಿದೆ. ಸಣ್ಣ ಆಪರೇಷನ್ನು. ಚಿತ್ರ ತೆಗೆದ ಕೂಡಲೇ ಹೊರಟ್ರೆ ಉಳೀತಾರೆ. ರೋಗಿ ಎಲ್ಲಿದಾರೆ, ಹೊರಟ್ರಾ?’

‘ನಾಲ್ಕು ವರ್ಷ ಆಯ್ತು ಡಾಕ್ಟ್ರೇ, ನಮ್ಮಣ್ಣ’ ಎಂದೆ. ನೋಟ್‌ಬುಕ್ಕನ್ನೂ ನಿಮ್ಮ ಸಹಿಯ ಹಾಳೆಯನ್ನೂ ಮೇಜಿನ ಮೇಲಿಟ್ಟೆ.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರು, ಎಲ್ಲರೆದುರೇ, ಒಂದೊಂದು ಸಾಲೂ. ಹೊರಗೆ ಬಂದಾಗ ಬಯಲಿನ ಗಿರಣಿಯವನು ಹತ್ತಿರ ಬಂದು, ‘ನಮ್ಮೂರಿನ ಸರದಿ ನಿಮಗೇ ಹೋಗ್ಲಿ ಅಕ್ಕ, ನಾವು ಮುಂದಿನ ವರ್ಷಕ್ಕೆ ಕಾಯ್ತೀವಿ’ ಎಂದ. ಅದನ್ನು ಅವನು ಬರೆದೂ ಕೊಟ್ಟ.

ತೀರ್ಮಾನ ಇನ್ನೂ ಬಂದಿಲ್ಲ.

ಅಣ್ಣನ ತಮಾಷೆ ಕೇಳಿದ್ದಿರಿ. ಹಸಿರು ಗೆರೆ ನೋಡಿ, ‘ಇಷ್ಟು ಹೊತ್ತಿಗೆ ನಾನು ಬ್ರಷ್ಷು ಹಿಡಿದು ಈ ಗೆರೆ ಎಳೆದು, ಅದರ ಮೇಲೆ ನಿಮ್ಮ ಆಸ್ಪತ್ರೆ ಹೆಸರೂ ಬರೆದು, ನೆರಳೂ ಹಾಕಿ ಮುಗಿಸ್ತಿದ್ದೆ’ ಎಂದ. ಆಮೇಲೆ, ‘ನಿನ್ನ ಅತ್ತಿಗೆ ಇದ್ದಿದ್ರೆ ಇದು ಯಾವಾಗ ಮುಟ್ಟುತ್ತೆ ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳೋಳು’ ಎಂದ. ಇದನ್ನು ನಿಮಗೆ ಕೊಡಬೇಕಿತ್ತು. ನಾಲ್ಕು ವರ್ಷ ಇಟ್ಟುಕೊಂಡಿದ್ದೆ.

ನಿಮ್ಮ
ಚೂಟಿ


೧೦ ಜುಲೈ

ಚೂಟಿ,

ಇಲಾಖೆಯ ಕೇಬಲ್ ಪಟ್ಟಿ ಬಂತು. ಮೊದಲನೆಯ ಸಾಲಿನಲ್ಲೇ ಬೆಟ್ಟದೂರು. ನೀನೂ ನೋಡಿರುತ್ತೀಯ, ಆದರೂ ನನ್ನ ಕೈಯಲ್ಲಿ ಬರೆದು ನೋಡುವ ಆಸೆ: ಮೊದಲನೆಯ ಸಾಲು, ಬೆಟ್ಟದೂರು, ಆಸ್ಪತ್ರೆಯಿಂದ ಆರಂಭ.

ಕಚೇರಿಯಲ್ಲಿ ಎದ್ದು ನಿಂತು ಜೋರಾಗಿ ಓದಿದೆ. ನನ್ನ ಭಾಷೆ ಒಂದಿಬ್ಬರಿಗೆ ಬಿಟ್ಟರೆ ಯಾರಿಗೂ ಬರುವುದಿಲ್ಲ, ಆದರೂ ಇಪ್ಪತ್ತೆರಡು ಮೇಜಿನವರೂ ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ಯೋಚಿಸಿ ಮುಗಿಸಿದ್ದಾರೆ. ಮುಂದಿನ ಸುತ್ತಿನಿಂದ ಹನ್ನೆರಡೂ ದೇಶಗಳಲ್ಲಿ ನಮ್ಮ ಪ್ರಶ್ನೆಯನ್ನೂ ಕೇಳುತ್ತೇವೆ. ಇಟ್ಟಿಗೆ ಗೂಡಿನ ಆಕೆಗೂ.

ನೀನು ಕೊಟ್ಟ ಅವರ ಆ ಮಾತನ್ನು ದಿನಕ್ಕೊಂದು ಸಲ ಹೊರತೆಗೆದು ನೋಡುತ್ತಿದ್ದೇನೆ. ನಿಜ ಹೇಳಲಾ? ನಾನಲ್ಲಿದ್ದಿದ್ದರೆ ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಲೇ ಇದ್ದೆ. ಆಮೇಲೆ ಅವರಿಂದ ಬೈಸಿಕೊಳ್ಳುತ್ತಿದ್ದೆ.

ಬೀಗುತ್ತಿರುವ,
ಅತ್ತಿಗೆ


೧೪ ನವೆಂಬರ್

ಪ್ರೀತಿಯ ಅತ್ತಿಗೆ,

ಎರಡು ತಿಂಗಳು ಊರೆಲ್ಲ ಅಗೆದು ಗುಂಡಿ, ದಾಟಲು ಹಲಗೆ. ಯಾರೂ ಗೊಣಗಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಮಕ್ಕಳನ್ನು ಕರೆತಂದು ಹೆಬ್ಬೆರಳಿನಷ್ಟು ದಪ್ಪದ ಆ ಕಪ್ಪು ಕೇಬಲ್ಲನ್ನು ಮುಟ್ಟಿಸಿದರು.

ಲೈನ್ ಶುರುವಾಗಿ ಹನ್ನೆರಡು ದಿನಕ್ಕೆ ಬೆಳಗಿನ ಬಸ್ಸಿನ ಡ್ರೈವರನ್ನು ಹೊತ್ತು ತಂದರು. ಹಿಂದೆ ನಮ್ಮ ಕವರುಗಳನ್ನು ಒಯ್ಯುತ್ತಿದ್ದವರೇ. ಬಸ್ಸಿನ ಮೇಲೆ ಸಾಮಾನು ಕಟ್ಟುವಾಗ ಜಾರಿ ಬಿದ್ದಿದ್ದರು. ಎಚ್ಚರವಿತ್ತು, ‘ಏನಿಲ್ಲ, ತಲೆ ಭಾರ’ ಎಂದರು. ಚಿತ್ರ ತೆಗೆದು ಬಟನ್ ಒತ್ತಿದೆ. ಗೆರೆ ಎಲ್ಲಿ ಎಂದು ಹುಡುಕಿದೆ, ಇರಲಿಲ್ಲ. ಏನೋ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಫೋನ್ ಬಡಿಯಿತು. ಮೆದುಳಿನ ಡಾಕ್ಟರೇ. ‘ನೋಡಿದೆ, ಹೊರಡಿಸಿ, ನಾನು ಥಿಯೇಟರ್ ಸಿದ್ಧ ಮಾಡಿಸ್ತೀನಿ’ ಎಂದರು. ಅತ್ತಿಗೆ, ಡ್ರೈವರು ಇನ್ನೂ ಮೆಷಿನ್ನಿನ ಮಂಚದಿಂದ ಇಳಿದಿರಲಿಲ್ಲ. ಚಿತ್ರ ಹೋಗಿದ್ದು ಒಂಬತ್ತು ಸೆಕೆಂಡಿನಲ್ಲಿ.

ಬದುಕಿದರು. ಆಪರೇಷನ್ ಆದ ಮೂರನೆಯ ದಿನ ದೊಡ್ಡಾಸ್ಪತ್ರೆಯ ಊಟಕ್ಕೆ ಉಪ್ಪಿಲ್ಲ ಎಂದು ಜಗಳವಾಡಿದರಂತೆ. ಅವರ ಹೆಂಡತಿ ಆ ಜಗಳದ ಸುದ್ದಿಯನ್ನು ಬೀದಿಯಲ್ಲಿ ಎಲ್ಲರಿಗೂ ಹೇಳುತ್ತಾ ಬಂದರು, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ.

ಆ ಸಂಜೆ ನಾನು ಔಷಧದಂಗಡಿಯ ಮುಂದೆ ಹೋಗಿ ನಿಂತೆ. ನಾಲ್ಕು ವರ್ಷ ಸುತ್ತುದಾರಿ ಹಿಡಿಯುತ್ತಿದ್ದೆ. ಅಣ್ಣ ಅರ್ಧ ಬರೆದ ಬೋರ್ಡನ್ನು ಅವರು ಬದಲಾಯಿಸಿಲ್ಲ, ಹಾಗೇ ಇದೆ. ಅಕ್ಷರ ಎಷ್ಟು ಚೆನ್ನಾಗಿ ಬರೆಯುತ್ತಿದ್ದ.

ಚೂಟಿ


೨೨ ಜನವರಿ

ಚೂಟಿ,

ಹೊಸ ಸುತ್ತಿನ ಅಂಕ ಬಂತು. ಬೆಟ್ಟದೂರು ಐದು ದಶಾಂಶ ನಾಲ್ಕು. ಹನ್ನೆರಡು ದೇಶಗಳಲ್ಲೇ ಅತಿ ದೊಡ್ಡ ಕುಸಿತ. ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಾರೆ.

ಮುಖ್ಯಸ್ಥರು ನನ್ನ ಮೇಜಿನ ಬಳಿ ಬಂದು, ಪಾಪ, ಸಾಂತ್ವನ ಹೇಳುವ ದನಿಯಲ್ಲಿ, ‘ಅಷ್ಟು ಕಷ್ಟಪಟ್ಟು ಲೈನ್ ತರಿಸಿದ್ರಿ, ನಿಮ್ಮೂರಿನವರಿಗೆ ಸಮಾಧಾನ ಆಗಲಿಲ್ವಲ್ಲ’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ‘ಇನ್ನೊಂದು ಪ್ರಶ್ನೆಯ ಉತ್ತರ ನೋಡಿ’ ಎಂದೆ. ಏನು ಮಾಡಲು ಹೋಗಿ ಆಗಲಿಲ್ಲ ಎಂಬುದಕ್ಕೆ ಹೋದ ಸಲ ನೀನು ತಂದ ಪಟ್ಟಿ ಮೂರು ಪುಟವಿತ್ತು. ಈ ಸಲ ಊರಿನಿಂದ ಬಂದದ್ದು ಆರು ಸಾಲು. ಅವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಓದಿದರು. ‘ಹಾಗಾದ್ರೆ ಇವರಿಗೆ ಬೇಕು ಅನ್ನೋದು ಈಗ ಶುರುವಾಗಿದೆ’ ಎಂದರು. ಹೌದು ಎಂದೆ. ಆ ಕೆಂಪು ಗುರುತಿನ ಹಾಳೆಯನ್ನು ಬೇಡಿ ತಂದು ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ.

ನೀನೆಷ್ಟು ಕೊಟ್ಟೆ?

ಬೇಸಿಗೆ ರಜೆಗೆ ಬರುತ್ತೇನೆ, ಒಂದು ತಿಂಗಳು. ನಿನ್ನ ಕೋಣೆಯಲ್ಲೇ ಮಲಗುತ್ತೇನೆ, ಮಂಚ ನನಗೆ.

ಅತ್ತಿಗೆ


೯ ಫೆಬ್ರವರಿ

ಪ್ರೀತಿಯ ಅತ್ತಿಗೆ,

ಮಂಚ ನಿಮಗೇ. ನಾನು ಕೊಟ್ಟದ್ದು ನಾಲ್ಕು. ಹುಡುಗಿ ಯಾಕೆ ಎಂದು ಕೇಳಿದಳು, ಇಪ್ಪತ್ತು ನಿಮಿಷ ಹೇಳಿದೆ.

ಇವತ್ತು ನಡೆದದ್ದು ಕೇಳಿ. ಬೆಳಿಗ್ಗೆ ಬಸ್ ನಿಲ್ದಾಣದ ಮುಂದೆ ಹೋಗುತ್ತಿದ್ದೆ. ಡ್ರೈವರು ಕೆಲಸಕ್ಕೆ ಮರಳಿ ಒಂದು ವಾರವಾಯಿತು. ಬೋಳಿಸಿದ ಅರ್ಧ ತಲೆಯಲ್ಲಿ ಕೂದಲು ಇನ್ನೂ ಉಳಿದರ್ಧದಷ್ಟು ಬೆಳೆದಿಲ್ಲ. ನನ್ನನ್ನು ಕಂಡವರೇ ಪ್ರಯಾಣಿಕರನ್ನೆಲ್ಲ ಬಸ್ಸಿನಲ್ಲಿ ಬಿಟ್ಟು ಇಳಿದು ಬಂದರು. ಕೈ ಮುಗಿಯುತ್ತಾರೇನೋ ಎಂದು ಮುಜುಗರದಿಂದ ನಿಂತೆ.

‘ಏನ್ರೀ ಮೇಡಂ ನಿಮ್ಮ ನೆಟ್ಟು’ ಎಂದರು, ಸೊಂಟದ ಮೇಲೆ ಕೈಯಿಟ್ಟು. ‘ನಿನ್ನೆ ಮಗಳು ಪಾಠ ಕೇಳ್ತಾ ಕೂತಿದ್ಲು, ಅರ್ಧ ನಿಮಿಷ ನಿಂತೇಹೋಯ್ತು. ಅರ್ಧ ನಿಮಿಷ! ಹೀಗಾದ್ರೆ ಮಕ್ಕಳು ಓದೋದು ಹೇಗೆ? ಯಾರಿಗೆ ದೂರು ಕೊಡ್ಬೇಕು ಹೇಳಿ, ನಾನು ಬಿಡೋನಲ್ಲ.’

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ‘ನಮ್ಮನೇಲೂ ಹಾಗೇ’ ಎಂದು ಯಾರೋ ಕೂಗಿದರು. ನಾನು ಚೀಲದಿಂದ ಹಾಳೆ ತೆಗೆದು, ಬಸ್ಸಿನ ಮೂತಿಯ ಮೇಲೆ ಇಟ್ಟುಕೊಂಡು, ಅವರು ಹೇಳಿದ ಹಾಗೆಯೇ ದೂರು ಬರೆದೆ. ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತು ನಿಂತಿತು, ಎಲ್ಲ ಸರಿಯಾಗಿ. ಅವರು ಕೆಳಗೆ ದಪ್ಪಕ್ಷರದಲ್ಲಿ ಸಹಿ ಹಾಕಿದರು. ಆಮೇಲೆ ಬಸ್ಸಿನಿಂದ ಒಬ್ಬೊಬ್ಬರಾಗಿ ಇಳಿದು ಬಂದು ಸಾಲು ನಿಂತರು.

ಬಸ್ಸು ಇವತ್ತು ಇಪ್ಪತ್ತೈದು ನಿಮಿಷ ತಡವಾಗಿ ಹೊರಟಿತು.

ದಾರಿ ನೋಡುತ್ತಿರುವ,
ಚೂಟಿ